ಎಡ ರೆಕ್ಕೆಯ ಕುಂಕುಮ

ನಿನ್ನ ಕೆಲಸ ಏನು ಎಂದು ಮೈಸೂರಿನಲ್ಲಿ ಯಾರಾದರೂ ಕೇಳಿದರೆ, ಬಣ್ಣ ಒಣಗುವುದನ್ನು ನೋಡುತ್ತಾ ಕೂರುವುದು ಎನ್ನುತ್ತೇನೆ. ನಗುತ್ತಾರೆ. ಸುಳ್ಳೇನಲ್ಲ. ಹಿರೋಷಿಮಾದಲ್ಲಿ ಕಾರುಗಳ ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ, ಬಳಿದ ಲೇಪ ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ ಎಂದು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಒಂದು ಹನಿ ನೀರು ಸಾಕು. ಲೇಪ ಇದ್ದ ಕಡೆ ಹನಿ ಮಣಿಯಾಗಿ ನಿಲ್ಲುತ್ತದೆ, ಇಲ್ಲದ ಕಡೆ ಹರಡಿಕೊಳ್ಳುತ್ತದೆ. ಇಷ್ಟು ವಿದ್ಯೆಯ ಮೇಲೆ ಮನೆ ನಡೆಸಿದ್ದೇನೆ, ಮಗಳನ್ನು ಓದಿಸುತ್ತಿದ್ದೇನೆ.

ಆ ಮಗಳು ಒಂದು ಸಂಜೆ ಊಟದ ಮೇಜಿನ ಮುಂದೆ ಕೂತು, "ಅಪ್ಪ, ಐ ಗಾಟ್ ಸೆಲೆಕ್ಟೆಡ್. ನಾನು ಹಾರ್ತೀನಿ," ಅಂದಳು. ಅವಳ ವಿಶ್ವವಿದ್ಯಾಲಯದ ಹಾರಾಟದ ಕ್ಲಬ್ಬಿನವರೂ ಪಕ್ಕದ ಸಣ್ಣ ಊರಿನ ಹಿರಿಯರೂ ಸೇರಿ, ಆ ಊರಿನಲ್ಲಿ ಎಂದೋ ಬದುಕಿದ್ದ ಒಬ್ಬ ಹಾರುವ ಮನುಷ್ಯನ ರೆಕ್ಕೆಗಳನ್ನು ಅವನು ಮಾಡಿದಂತೆಯೇ ಬಿದಿರು, ಕಾಗದದಲ್ಲಿ ಮಾಡಿ ಹಾರಿಸುವುದೆಂದು ತೀರ್ಮಾನಿಸಿದ್ದರು. ಹಾರುವವರು ಹಗುರ ಇರಬೇಕು. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಗುರ ಇದ್ದವಳು ಇವಳೇ.

"ಸರಿಯಾಗಿ ಊಟ ಮಾಡು ಮಾಡು ಅಂತ ಬಡ್ಕೊಂಡೆ," ಅಂದಳು ನನ್ನ ಹೆಂಡತಿ. "ಮಾಡಿದ್ದಿದ್ರೆ ಇದು ಬರ್ತಿತ್ತಾ?"

ಆ ಹಾರುವ ಮನುಷ್ಯನ ಕಥೆ ನನಗೆ ತಿಳಿದದ್ದು ಊರಿನ ಹಿರಿಯ ಕಾಗದದ ಕುಶಲಿಯೊಬ್ಬರಿಂದ. ಎಂಬತ್ತು ದಾಟಿದವರು. ಮಡಿಸುವ ಪರದೆಗಳಿಗೆ, ಬಾಗಿಲುಗಳಿಗೆ ಕಾಗದ ಅಂಟಿಸುವುದು ಅವರ ಮನೆತನದ ಕಸುಬು. ಎಲ್ಲರೂ ಅವರನ್ನು ಸೆನ್ಸೇ ಎನ್ನುತ್ತಿದ್ದರು, ಗುರುಗಳೇ ಎಂದ ಹಾಗೆ. ರೆಕ್ಕೆ ತಯಾರಾಗುತ್ತಿದ್ದದ್ದು ಅವರ ಕೆಲಸದ ಕೊಟ್ಟಿಗೆಯಲ್ಲಿ. ನಾನು ಮಗಳ ಜೊತೆ ಮೊದಲ ಸಲ ಹೋದಾಗ ಚಹಾ ಕೊಟ್ಟು ಅವರೇ ಹೇಳಿದರು.

ಎಂಜಿನ್ ಎಂಬ ಮಾತೇ ಇಲ್ಲದ ಕಾಲ. ಆತನೂ ಇವರ ಹಾಗೆ ಕಾಗದದ ಕೆಲಸದವನು. ಪಾರಿವಾಳಗಳನ್ನು ಹಿಡಿದು ಮೈ ಎಷ್ಟು ಭಾರ, ರೆಕ್ಕೆ ಎಷ್ಟಗಲ ಎಂದು ಅಳೆದ. ತನ್ನ ಮೈಭಾರಕ್ಕೆ ಎಷ್ಟಗಲದ ರೆಕ್ಕೆ ಬೇಕೆಂದು ಲೆಕ್ಕ ಹಾಕಿ, ಬಿದಿರು ಸೀಳಿ ಕಟ್ಟಿಕೊಂಡ. ಹೆಂಡತಿ ಅತ್ತಳು, ನೆರೆಯವರು ನಕ್ಕರು. ಒಂದು ಸಂಜೆ ಸೇತುವೆಯ ಮೇಲಿಂದ ಹಾರಿ, ಕೆಳಗೆ ದಡದಲ್ಲಿ ಕೂತು ಉಣ್ಣುತ್ತಿದ್ದವರ ತಲೆಯ ಮೇಲೆ ತೇಲಿಹೋದ. ಜನ ದೆವ್ವ ಎಂದು ಕಿರುಚಿ ಓಡಿದರು. ಊರನ್ನು ಹೆದರಿಸಿದ್ದಕ್ಕೆ ಆಳುವವರು ಅವನನ್ನು ಗಡೀಪಾರು ಮಾಡಿದರು. ಅವನು ಕದ್ದು ವಾಪಸ್ ಬಂದ, ಹೊಸ ರೆಕ್ಕೆ ಕಟ್ಟಿದ, ಮಂಜು ಕವಿದ ಒಂದು ಬೆಳಿಗ್ಗೆ ಮತ್ತೆ ಹಾರಿದ.

"ಆಮೇಲೆ?" ಎಂದು ಕೇಳಿದಳು ಮಗಳು.

ಸೆನ್ಸೇ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಬಟ್ಟಲು ತುಂಬಿ ಚಹಾ ಮೇಜಿನ ಮೇಲೆ ಹರಿಯಿತು. ಪಕ್ಕದಲ್ಲಿದ್ದ ಕ್ಲಬ್ಬಿನ ಹುಡುಗರು ಏನೂ ಆಗದವರಂತೆ ಬಟ್ಟೆ ತಂದು ಒರೆಸಿದರು. ಆಮೇಲೆ ಏನಾಯಿತೆಂದು ಅವರು ಹೇಳಲಿಲ್ಲ. ಸೇತುವೆಯ ಬಳಿ ಅವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲೂ ಅದನ್ನು ಕೆತ್ತಿಲ್ಲ.

ಕಾಗದದ ರೆಕ್ಕೆಗೆ ಪ್ರಾಣ ಇರುವುದು ಲೇಪದಲ್ಲಿ. ನಮ್ಮ ಸುವರ್ಣಗೆಡ್ಡೆಯ ದಾಯಾದಿಯಂಥ ಒಂದು ಗೆಡ್ಡೆ ಇಲ್ಲಿ ಬೆಳೆಯುತ್ತದೆ. ಅದರ ಹಿಟ್ಟನ್ನು ಗಂಜಿ ಮಾಡಿ ಕುಂಚದಲ್ಲಿ ಬಳಿದರೆ ಕಾಗದ ಚರ್ಮದಷ್ಟು ಗಟ್ಟಿಯಾಗುತ್ತದೆ, ನೀರು ಹೀರುವುದಿಲ್ಲ. ಒಣಗಿದ ಮೇಲೆ ಬಳಿದದ್ದು ಯಾವುದು, ಬಳಿಯದ್ದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಗಂಜಿ ಬಳಿಯುವ ಹಕ್ಕು ಸೆನ್ಸೇ ಒಬ್ಬರದೇ. ಹುಡುಗರು ಕಾಗದ ಹಿಡಿದು ನಿಲ್ಲುತ್ತಿದ್ದರು, ಅಷ್ಟೇ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಕಣ್ಣಿಗೆ ಪೊರೆ ಬಂದ ಮೇಲೂ ಅವರು ಮೈಸೂರಿನಲ್ಲಿ ಕಾರು ಓಡಿಸುವುದನ್ನು ಬಿಟ್ಟಿರಲಿಲ್ಲ. ನಿಮಗೆ ಕಾಣುವುದಿಲ್ಲ, ಬಿಡಿ ಎಂದು ಹೇಳುವ ಗಂಡಸಾಗಲಿ ಹೆಂಗಸಾಗಲಿ ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ. ನಾವು ರಜಕ್ಕೆ ಹೋದಾಗಲೆಲ್ಲ ಎಲ್ಲರೂ ದೇವರನ್ನು ನೆನೆದು ಆ ಕಾರಿನಲ್ಲಿ ಕೂರುವುದು. ಮುಂದಿನ ಸೀಟು ನನ್ನದು. "ಅಪ್ಪ, ಆ ಹಸು ಎಷ್ಟು ಲಕ್ಷಣವಾಗಿದೆ ನೋಡಿ!" ಎಂದು ನಾನು ಹೊಗಳಿದರೆ ಅವರು ಬ್ರೇಕು ಒತ್ತುತ್ತಿದ್ದರು. "ಆಹಾ, ಈ ಹಂಪ್ ಈಗ ಹೊಸದಾಗಿ ಹಾಕಿದ್ದಾರೆ ಅನ್ಸತ್ತೆ!" ಎಂದರೆ ನಿಧಾನ ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಆಗಿನ್ನೂ ಪುಟ್ಟವಳಿದ್ದ ಮಗಳು ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುವಳು. ಅಪ್ಪ ತೀರಿಕೊಂಡದ್ದು ಹಾಸಿಗೆಯ ಮೇಲೆ, ಕಾರಿನಲ್ಲಲ್ಲ. ಅದು ನಮ್ಮ ಪುಣ್ಯ.

ಹಾರುವ ದಿನ ಬಂದದ್ದು ನವರಾತ್ರಿ ಮುಗಿದ ವಾರ. ಆಯುಧಪೂಜೆ ಮಾಡದೆ ನಮ್ಮ ಮನೆಯಲ್ಲಿ ಸೈಕಲ್ಲನ್ನೂ ಬೀದಿಗಿಳಿಸಿಲ್ಲ. ಹೆಂಡತಿ ಬೆಳಿಗ್ಗೆ ತಟ್ಟೆ ಸಮೇತ ತಯಾರಾಗಿ ನಿಂತಳು. ದಾರಿಯಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ನುಗ್ಗಿ ನಿಂಬೆಹಣ್ಣು ತಂದಳು. ನದಿಯ ದಡ ತಲುಪಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ದಡವೇ ಕಾಣುತ್ತಿರಲಿಲ್ಲ. ಇಳಿಜಾರಿನ ಮೇಲೆ ಆ ರೆಕ್ಕೆಗಳು ಬಿಳಿಯಾಗಿ, ತಣ್ಣಗೆ, ಹರಡಿಕೊಂಡು ನಿಂತಿದ್ದವು. ಹೊದಿಸಿದ ಹೆಣದ ನೆನಪಾಯಿತು. ಥೂ, ಬಿಡ್ತು ಅನ್ನು ಎಂದು ನನಗೆ ನಾನೇ ಹೇಳಿಕೊಂಡೆ.

"ಅಮ್ಮ, ಪ್ಲೀಸ್, ಇಲ್ಲಿ ಬೇಡ," ಎಂದು ಮಗಳು ನಾಚಿಕೊಂಡು ಬೇಡಿದಳು. ಆದರೆ ಸೆನ್ಸೇ, "ನಾವೂ ಹೊಸ ಕಾರಿಗೆ ದೇವಸ್ಥಾನದಲ್ಲಿ ಮಾಡಿಸುತ್ತೇವೆ, ದಯವಿಟ್ಟು ಮಾಡಿ," ಎಂದು ತಲೆಬಾಗಿದರು. ಹುಡುಗರು ಸಾಲಾಗಿ ನಿಂತರು. ಚಕ್ರವೇ ಇಲ್ಲದ ವಾಹನ, ನಿಂಬೆಹಣ್ಣು ಎಲ್ಲಿಡುವುದು? "ಓಡೋಳು ನೀನೇ ತಾನೇ, ನಿನ್ನ ಕಾಲೇ ಚಕ್ರ," ಎಂದು ಅವಳ ಪಾದದ ಮುಂದಿಟ್ಟಳು ತಾಯಿ. ಅದು ಇಳಿಜಾರಿನಲ್ಲಿ ಉರುಳಿ ಉರುಳಿ ಹೋಗಿ ನೀರಿಗೆ ಬಿತ್ತು. ಹೆಂಡತಿಯ ಮುಖ ಬಿಳಿಚಿತು. ನಾನು ಕುಂಕುಮಕ್ಕೆ ನೀರು ಬೆರೆಸಿ ಬೆರಳಲ್ಲಿ ತೆಗೆದು ಬಲ ರೆಕ್ಕೆಗೆ ಬೊಟ್ಟಿಟ್ಟೆ. ದುಂಡಗೆ ನಿಂತಿತು. ನಡುವೆ ಇಟ್ಟೆ, ನಿಂತಿತು. ಎಡ ರೆಕ್ಕೆಯ ಬುಡದಲ್ಲಿ ಇಟ್ಟೆ.

ಅದು ನಿಲ್ಲಲಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಕೆಂಪು ಎಲ್ಲಾ ದಿಕ್ಕಿಗೂ ಹಬ್ಬಿ ಅಂಗೈಯಗಲವಾಯಿತು. ರೆಕ್ಕೆಯ ಅಡಿಗೆ ಬಗ್ಗಿ ನೋಡಿದರೆ ಅಲ್ಲೂ ಇಳಿದಿತ್ತು.

"ಅಯ್ಯೋ ಅಪಶಕುನ ರೀ," ಎಂದು ಹೆಂಡತಿ ನನ್ನ ತೋಳು ಹಿಡಿದಳು. "ಅಪ್ಪ, ಏನ್ ಮಾಡಿದ್ರಿ! ಪೇಪರ್ ಹಾಳು ಮಾಡಿದ್ರಲ್ಲಾ!" ಎಂದು ಮಗಳು ಸಿಡುಕಿದಳು. ಹುಡುಗರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಕಂಡದ್ದು ಬೇರೆ. ಈ ಜಾಗಕ್ಕೆ ಗಂಜಿ ಮುಟ್ಟಿಲ್ಲ. ಈ ಮಂಜು ಬೆಳಗಿನಿಂದ ಇದರೊಳಗೆ ಇಳಿಯುತ್ತಿದೆ. ನನ್ನ ಮಗಳ ಭಾರವೆಲ್ಲ ಬಂದು ಕೂರುವುದು ಈ ಬುಡದ ಮೇಲೆ.

ಹೇಳಿದೆ. ಇಲ್ಲಿ ಲೇಪ ಇಲ್ಲ, ಹಾರಿಸಬಾರದು ಎಂದೆ. ಸುಮಿಮಾಸೆನ್, ಸುಮಿಮಾಸೆನ್ ಎಂದು ಹತ್ತು ಸಲ ಕ್ಷಮೆ ಕೇಳಿಕೊಂಡೇ ಹೇಳಿದೆ. ಯಾರೂ ಒಪ್ಪಲಿಲ್ಲ, ಯಾರೂ ಅಲ್ಲ ಎನ್ನಲೂ ಇಲ್ಲ. ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ತಲೆ ಓರೆ ಮಾಡಿದರು. ಒದ್ದೆ ಮಾಡಿದವನೇ ಬಂದು ಒದ್ದೆಯಾಗಿದೆ ಎಂದರೆ ಯಾರು ತಾನೇ ನಂಬುತ್ತಾರೆ? ಇನ್ನು ಮರ್ಯಾದೆ ಕಟ್ಟಿಕೊಂಡು ಏನಾಗಬೇಕು ಎನಿಸಿತು. ರೆಕ್ಕೆಯ ಮುಂದೆ ಅಡ್ಡ ನಿಂತುಬಿಟ್ಟೆ. "ಇವಳ ಬದಲು ಇವಳಷ್ಟೇ ಭಾರ ಏನಾದರೂ ಕಟ್ಟಿ, ಹಗ್ಗ ಹಿಡಿದು ಗಾಳಿಪಟದ ಹಾಗೆ ಒಂದು ಸಲ ಎತ್ತಿ ತೋರಿಸಿ. ಆಮೇಲೆ ಇವಳು ಹಾರಲಿ," ಎಂದೆ.

ಮಗಳು ನನ್ನ ಮುಖ ನೋಡಲಿಲ್ಲ. ಕೊನೆಗೆ ಸೆನ್ಸೇ, "ತಂದೆಯ ಮನಸ್ಸು. ಹಾಗೇ ಮಾಡೋಣ," ಎಂದರು. ಬಂದವರ ಊಟಕ್ಕೆಂದು ತಂದಿದ್ದ ಅಕ್ಕಿಯ ಚೀಲಗಳನ್ನು ಹಾರುವಾಗ ಮಗಳು ಮಲಗಬೇಕಾದ ಜಾಗದಲ್ಲಿ ಕಟ್ಟಿದರು. ಹುಡುಗರು ಹಗ್ಗ ಹಿಡಿದು ಗಾಳಿಗೆ ಎದುರಾಗಿ ಓಡಿದರು.

ಎಷ್ಟು ಚೆನ್ನಾಗಿ ಎದ್ದಿತು ಅಂತೀರಿ! ಮಾಳಿಗೆ ಮನೆಯೆತ್ತರಕ್ಕೆ ಏರಿ ಮಂಜಿನಲ್ಲಿ ಅಲುಗದೆ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ನಾನು ಸೋತೆ, ಸದ್ಯ ಸೋತೆ ಎಂದು ನನಗೂ ಸಂತೋಷವೇ ಆಗಿತ್ತು. ಆಗ ಎಡ ರೆಕ್ಕೆಯ ಕೆಂಪು ಕಲೆ ಒಳಕ್ಕೆ ಜಗ್ಗಿತು. ಸೀರೆ ಹರಿದಂಥ ಸದ್ದು. ರೆಕ್ಕೆ ಮೇಲಕ್ಕೆ ಮಡಿಸಿಕೊಂಡು, ಇಡೀ ಹೊರೆ ಒಂದು ಸುತ್ತು ಹೊರಳಿ, ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ತಲೆಕೆಳಗಾಗಿ ಬಿತ್ತು. ಚೀಲ ಒಡೆದು ಅಕ್ಕಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸುರಿಯಿತು. ಯಾರೂ ಉಸಿರೆತ್ತುವ ಮೊದಲೇ ಪಾರಿವಾಳಗಳು ಬಂದಿಳಿದವು.

ಸೆನ್ಸೇ ನನ್ನ ಮುಂದೆ ಬಂದು ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿದರು. ನನ್ನ ಅಪ್ಪನ ವಯಸ್ಸಿನವರು. "ಏಳಿ, ಏಳಿ ಸೆನ್ಸೇ. ನಾನು ನೀರು ಹಚ್ಚಿದ್ದರಿಂದಲೇ ಹೀಗಾಯಿತು, ತಪ್ಪು ನನ್ನದು," ಎಂದು ನಾನೂ ಬಗ್ಗಿದೆ. ಸುತ್ತ ನಿಂತವರೆಲ್ಲ ಬಿಟ್ಟ ನೆಮ್ಮದಿಯ ಉಸಿರು ನನಗೆ ಕೇಳಿಸಿತು. ಎಲ್ಲರಿಗೂ ಬೇಕಿದ್ದದ್ದು ಅದೇ ಮಾತು. ವಸಂತಕ್ಕೆ ಹೊಸ ರೆಕ್ಕೆ ಮಾಡೋಣ ಎಂದು ಅಲ್ಲೇ ಮಾತಾಯಿತು.

ಅನ್ನ ದೇವರು, ನದಿಯ ಪಾಲಾಗಬಾರದು ಎಂದು ಹೆಂಡತಿ ಚೀಲದಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಮನೆಗೆ ತಂದಳು. ಅವತ್ತು ಸಂಜೆ ಅದನ್ನೇ ಬೇಯಿಸಿದಳು. ನನಗೆ ತುತ್ತು ಇಳಿಯಲಿಲ್ಲ. ಮಗಳ ಜಾಗದಲ್ಲಿ ಬಿದ್ದ ಅಕ್ಕಿ ಅದು. ಅವಳು ಮಾತ್ರ ಸಾರು ಕಲಸಿ ಗಬಗಬನೆ ತಿನ್ನುತ್ತಿದ್ದಳು.

"ಅಷ್ಟು ದೊಡ್ಡ ಜಾಗ ಬಿಟ್ಟುಹೋಗಿದೆ, ಒಬ್ಬರಿಗೂ ಗೊತ್ತಾಗಲಿಲ್ವಾ?" ಎಂದೆ.

"ನಂಗೆ ಗೊತ್ತಿತ್ತು," ಅಂದಳು.

ಹೆಂಡತಿಯ ಕೈಯ ಸೌಟು ಅಲ್ಲೇ ನಿಂತಿತು.

"ಎವ್ರಿಬಡಿ ನೋಸ್, ಅಪ್ಪ. ಸೆನ್ಸೇಗೆ ಎಡಗಡೆ ಕಾಣಲ್ಲ. ಬಳಿವಾಗ ಬಿಟ್ಟುಬಿಡ್ತಾರೆ. ಅವರು ಇಲ್ದೆ ಇದ್ದಾಗ ನಾವೇ ಸೈಲೆಂಟ್ ಆಗಿ ಬಳಿತಿದ್ವಿ. ಒಣಗಿದ್ಮೇಲೆ ಕಾಣಲ್ವಲ್ಲ, ಆ ಜಾಗ ನಮ್ಗೂ ಮಿಸ್ ಆಯ್ತು."

"ಹೇಳಬಾರದಾಗಿತ್ತೇನೇ ಅವರಿಗೆ? ಪ್ರಾಣ ಹೋಗಿದ್ರೆ?" ಎಂದಳು ಹೆಂಡತಿ.

"ಹೇಳ್ದೆ. ಸೆನ್ಸೇ, ಎಡಗಡೆ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಂದೆ." ಅವಳು ತಟ್ಟೆಯಿಂದ ತಲೆ ಎತ್ತಿದಳು. "ತಾತನ ಕಾರಲ್ಲಿ ನೀವು ಹಸು ತೋರಿಸ್ತಿದ್ರಲ್ಲಾ, ಹಾಗೆ. ಬಟ್ ಅವರಿಗೆ ಅರ್ಥ ಆಗ್ಲಿಲ್ಲ."

ಅವಳೇ ಮತ್ತೆ ಕೇಳಿದಳು. "ಹೊಸ ರೆಕ್ಕೆಗೂ ಅವರೇ ಬಳಿಯೋದು. ನಾನೇ ಹಾರೋದು. ಇವತ್ತು ನೀರು ಹಚ್ಚಿದ್ದು ನಾನು, ತಪ್ಪು ನಂದು ಅಂತ ಯಾಕಪ್ಪ ಅಂದ್ರಿ?"

ಮುಂದಿನ ಭಾನುವಾರ ಅವಳ ಜೊತೆ ಕೊಟ್ಟಿಗೆಗೆ ಹೋದೆ. ಸೆನ್ಸೇ ಆಗಲೇ ಹೊಸ ಕಾಗದ ಹಾಸಿ ಗಂಜಿ ಬಳಿಯುತ್ತಿದ್ದರು. ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಹಸಿಯಾದದ್ದು ಬೆಳಕಿಗೆ ಹೊಳೆಯುತ್ತಿತ್ತು. ಅವರ ಎಡಗೈಯ ಬದಿಯಲ್ಲಿ ಉದ್ದಕ್ಕೂ ಹೊಳಪಿಲ್ಲದ ತೇಪೆಗಳು. ಮಗಳು ಹೋಗಿ ಕಾಗದದ ಇನ್ನೊಂದು ತುದಿ ಹಿಡಿದು ಕೂತಳು.

"ಹೇಗಿದೆ?" ಎಂದು ನನ್ನತ್ತ ತಿರುಗಿ ಕೇಳಿದರು ಸೆನ್ಸೇ.

ಎಷ್ಟು ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ನುಂಗಿದೆ. ಹತ್ತಿರ ಹೋಗಿ ಅವರ ಮಣಿಕಟ್ಟು ಹಿಡಿದು ಕುಂಚವನ್ನು ಗಂಜಿ ತಾಗದ ಒಣ ತೇಪೆಯ ಮೇಲೆ ಇಟ್ಟೆ. "ಇಲ್ಲಿ ಬಿಟ್ಟಿದೆ, ಸೆನ್ಸೇ. ನಿಮಗೆ ಎಡಗಡೆ ಕಾಣುತ್ತಿಲ್ಲ. ಅವತ್ತು ನನ್ನ ನೀರಿನಿಂದ ಆದದ್ದಲ್ಲ."

ಗೋಡೆಯ ಬಳಿ ನಿಂತಿದ್ದವರು ನೆಲ ನೋಡಿದರು. ಸೆನ್ಸೇ ಬಯ್ಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕುಂಚವನ್ನು ಗಂಜಿಯಲ್ಲಿ ಅದ್ದಿ, "ಇನ್ನೂ ಎಲ್ಲೆಲ್ಲಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಕಾಗದದ ಮೇಲೆ ಬೆರಳಿಟ್ಟಳು.

"ಇಲ್ಲಿ," ಅಂದಳು. "ಇಲ್ಲಿ. ಇಲ್ಲೂ."