ಅತ್ತೆ ಮೊದಲು ಕುಡಿದು ನೋಡಿದ ನೀರು

ವಿಜಾಪುರದ ನಮ್ಮ ಮನೆಯ ನಳದಲ್ಲಿ ಒಮ್ಮೊಮ್ಮೆ ಔಷಧಿ ವಾಸನೆಯ ನೀರು ಬರುತ್ತದೆ. ತಂಬಿಗೆ ಮೂಗಿನ ಹತ್ತಿರ ಬಂದೊಡನೆ ನಮ್ಮೂರು ತಿಕೋಟಾದ ಆ ಬೆಳಗು ನೆನಪಾಗುತ್ತದೆ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ನಾನು ಸಣ್ಣವಳು. ನೀಲವ್ವತ್ತೆ ಅಪ್ಪನ ಅಕ್ಕ, ಗಂಡ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಳು. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ಬಾವಿಯ ಮೆಟ್ಟಿಲ ಮೇಲೆ ಕುಳಿತು ಬೊಗಸೆ ನೀರನ್ನು ಮೂಸಿ, ಬಾಯೊಳಗೆ ಆಡಿಸಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ನೀರು ಉಪ್ಪುಪ್ಪಾಗಿ ಸವುಳಾಗಿದೆಯೋ, ತಳದಲ್ಲಿ ಎಲೆ ಕೊಳೆತಿದೆಯೋ ಅವಳೇ ಹೇಳಬೇಕು. ಓಣಿಯ ಹೆಂಗಸರು ಕೊಡ ಹಿಡಿದು ಅವಳ ಮಾತಿಗೆ ಕಾಯುತ್ತಿದ್ದರು.

“ನಿನ್ನ ನಾಲಿಗಿಗೆ ಸರಕಾರ ಪಗಾರ ಕೊಡಬೇಕ ನೋಡ ಯಕ್ಕಾ,” ಎಂದು ಒಂದು ದಿನ ಪಕ್ಕದ ಮನೆಯ ಕಾಶವ್ವ ನಕ್ಕಳು.

“ಸರಕಾರ ಯಾಕ, ನೀನ ಒಂದ್ ಚೂರು ಬೆಲ್ಲಾ ಕೊಡ ಬೇ. ಬರೇ ನೀರ ಕುಡಿಸಿ ಕಳಸ್ತಿ.”

ಅತ್ತೆಯ ಜೊತೆ ನಾವೆಲ್ಲ ನಕ್ಕ ಕೊನೆಯ ದಿನ ಅದು.

ಬಬಲೇಶ್ವರದ ಕಡೆ ವಾಂತಿಭೇದಿ ಎದ್ದಿದೆಯೆಂದು ಮರುದಿನ ದವಾಖಾನೆಯವರು ಬಂದು ಬಾವಿಗೆ ಕೆಂಪು ಔಷಧಿ ಹಾಕಿದರು. ನೀರಿನ ಬಣ್ಣ ತಿರುಗಿತು; ನೀರು ತಿಳಿಯಾಗಿರಲೆಂದು ಅತ್ತೆ ಬಾವಿಗೆ ಬಿಟ್ಟಿದ್ದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅವಳು ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದಳು. “ನೀರ ಕೆಟ್ಟೈತಿ. ಹುಡುಗ್ರಿಗೆ ಕೊಡಬ್ಯಾಡ್ರಿ,” ಎಂದು ಕೊಡ ಎತ್ತಿಕೊಂಡು ಹಳ್ಳಕ್ಕೆ ಹೋಗಿ, ಉಸುಕಿನಲ್ಲಿ ವರತೆ ತೋಡಿ ತಿಳಿನೀರು ತಂದಳು. ತಾನು ಕುಡಿದು ನೋಡಿದಳು; ಸಿಹಿಯಾಗಿತ್ತಂತೆ. ಆದರೂ ಹೊಸ ಕಡೆಯ ನೀರನ್ನು ಒಂದು ದಿನ ತಾನು ಕುಡಿದು ನೋಡದೆ ಅವಳು ಮಕ್ಕಳಿಗೆ ಕೊಡುತ್ತಿರಲಿಲ್ಲ. ಮಣ್ಣಿನ ಹರವಿಯಲ್ಲಿ ಉಳಿದಿದ್ದ ಹಿಂದಿನ ದಿನದ ಬಾವಿ ನೀರನ್ನೇ ನಮಗೆ ಹಾಕಿದಳು. ನಾನು ಹೊಸ ಕೊಡಕ್ಕೆ ಕೈ ಹಾಕಿದಾಗ “ನಾಳಿ ತನಕ ತಡಿ, ಹುಚ್ಚಿ,” ಎಂದು ಕೈ ಸರಿಸಿದಳು.

ಬೆಳಗಾದಾಗ ಅವಳು ಏಳಲಿಲ್ಲ. ವಾಂತಿ, ಭೇದಿ; ಕಣ್ಣುಗಳು ಒಳಸೇರಿದ್ದವು, ದನಿ ಇಂಗಿತ್ತು. ಅವ್ವ ಬಾಗಿ ಕಿವಿಗೊಟ್ಟಳು.

“ಹುಡುಗ್ರು ಕೊಡಾ ಮುಟ್ಟ್ಯಾರೇನ?”

“ಇಲ್ರಿ ಅಕ್ಕಾ, ಯಾರೂ ಮುಟ್ಟಿಲ್ರಿ.”

“ಚೆಲ್ಲಿಬಿಡು.”

ಅವ್ವ ಅಳುತ್ತಲೇ ಆ ನೀರನ್ನು ಹಿತ್ತಲಲ್ಲಿ ಚೆಲ್ಲಿ ಬಂದಳು. ಹೊತ್ತು ಮುಳುಗುವ ಮೊದಲೇ ಅತ್ತೆ ಹೋದಳು. ರೋಗ ಇದ್ದದ್ದು ಹಳ್ಳದ ನೀರಿನಲ್ಲಿ, ಬಾವಿಯದು ಕುಡಿಯಬಹುದಿತ್ತು ಎಂದು ದವಾಖಾನೆಯವರು ಅಪ್ಪನಿಗೆ ಹೇಳಿದರು. ಅಂದಿನಿಂದ ನಾವು ಆ ಕೆಂಪು ನೀರನ್ನೇ ಸೋಸಿ ಕುಡಿದೆವು. ಯಾರಿಗೂ ಏನೂ ಆಗಲಿಲ್ಲ. ನಾನು, ನನ್ನ ತಮ್ಮಂದಿರು ಎಲ್ಲರೂ ಬೆಳೆದೆವು, ಕೂದಲು ನರೆಯುವವರೆಗೂ ಬದುಕಿದೆವು. ನೀಲವ್ವತ್ತೆ ಒಬ್ಬಳಿಲ್ಲ.