ನೋಯದ ಕಾಲು

ನಮ್ಮ ಸರ್ ಅವರ ಎಡಗಿವಿ ಒಣ ಅಂಜೂರದ ಹಾಗೆ ಮುದುಡಿತ್ತು. ಚಿಕ್ಕಂದಿನಲ್ಲಿ ಖಾನಾಪುರದ ಗರಡಿಯಲ್ಲಿ ಕುಸ್ತಿ ಆಡಿದ್ದರ ಗುರುತು. ಬೆಳಗಾವಿಯ ಮಹಾಂತೇಶ ನಗರದ ಅವರ ಕ್ರೀಡಾ ಚಿಕಿತ್ಸಾಲಯಕ್ಕೆ ನಾನು ಕಲಿಯಲು ಸೇರಿದಾಗ, ಪೈಲ್ವಾನರು ಆ ಕಿವಿ ನೋಡಿಯೇ ಅರ್ಧ ಗುಣವಾಗುತ್ತಿದ್ದರು.

ಅವರದೊಂದು ಹಟವಿತ್ತು. ಯಾರ ಮೊಣಕಾಲು ನೋಯಲಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊದಲು ನೋಯದ ಕಾಲನ್ನೇ ಎಳೆದು ನೋಡುತ್ತಿದ್ದರು. "ಸರ್, ನೋವು ಆ ಕಾಲಾಗ ಐತ್ರಿ" ಎಂದರೆ, "ಗೊತ್ತೈತಿ. ನಿನ್ನ ಕೀಲು ಮೂಲದಾಗ ಎಷ್ಟು ಬಿಗಿ ಐತಿ ಅಂತ ಇದಕ್ಕ ಕೇಳಾಕತ್ತೀನಿ" ಎನ್ನುತ್ತಿದ್ದರು. ನನಗೆ ಅದು ಬರೀ ಕಾಲಹರಣ ಅನ್ನಿಸುತ್ತಿತ್ತು.

ಒಂದು ಶನಿವಾರ ಖಾನಾಪುರದಿಂದ ಕುಸ್ತಿ ಆಡುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ಸರ್ ಇನ್ನೊಬ್ಬನ ಜಾರಿದ ಭುಜ ಕೂರಿಸುತ್ತಿದ್ದರು. ಅವಳನ್ನು ನನಗೆ ಒಪ್ಪಿಸಿದರು. ಗೆಳೆಯರು ಊಟಕ್ಕೆ ಕಾಯುತ್ತಿದ್ದರು. ನೋಯುವ ಬಲಮೊಣಕಾಲು ತುಸು ಸಡಿಲ ಅನ್ನಿಸಿತು. ಇವಳ ಮೈಕಟ್ಟೇ ಹೀಗಿರಬೇಕು ಎಂದುಕೊಂಡು, ಎಡಗಾಲು ಮುಟ್ಟದೆಯೇ 'ಎರಡೂ ಸಮ' ಎಂದು ಬರೆದೆ.

"ಎರಡೂ ನೋಡಿದಿ ಹೌದಿಲ್ಲೊ?"

"ಹೌದ್ರಿ ಸರ್."

ಅವರು ಸಹಿ ಹಾಕಿದರು. ಎರಡು ವಾರ ವಿಶ್ರಾಂತಿ ಪಡೆದು ಹುಡುಗಿ ಮತ್ತೆ ಕಣಕ್ಕಿಳಿದಳು, ಬಿದ್ದಳು. ಮೊದಲೇ ಹರಿದು ಆ ಸಡಿಲಕ್ಕೆ ಕಾರಣವಾಗಿದ್ದ ಒಳಗಿನ ಲಿಗಮೆಂಟಿನ ಜೊತೆ ಮೊಣಕಾಲಿನ ಮೆತ್ತೆಯೂ ಹರಿಯಿತು. ಅವಳ ಅಪ್ಪ ಚೀಟಿ ಹಿಡಿದು ಬಂದರು.

"ಎರಡೂ ಸಮ ಅಂತ ಬರದೀರಲ್ರಿ ಸಾಹೇಬ್ರ, ಹೆಂಗ?"

ಸರ್ ನನ್ನ ಅಕ್ಷರ ನೋಡಿದರು, ನನ್ನನ್ನು ನೋಡಿದರು. "ನೋಡಿದಾಂವ ನಾನ. ತಪ್ಪು ನಂದ. ಬೈಯೂದಿದ್ರ ನನಗ ಬೈರಿ."

ನಾನು ಗೋಡೆಗಂಟಿ ನಿಂತಿದ್ದೆ.

ಆಪರೇಷನ್ ಆದ ಮೇಲೆ ಪ್ರತಿ ರವಿವಾರ ಸರ್ ತಾವೇ ಕಾರು ಓಡಿಸಿಕೊಂಡು ಖಾನಾಪುರಕ್ಕೆ ಹೋಗಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದರು. ನನ್ನನ್ನೂ ಕರೆದೊಯ್ಯುತ್ತಿದ್ದರು. ಅವಳು ನಡೆದಳು, ಕುಸ್ತಿ ಮಾತ್ರ ಅಲ್ಲಿಗೇ ಮುಗಿಯಿತು. ಒಮ್ಮೆ ವಾಪಸು ಬರುವಾಗ ರಸ್ತೆಯಿಂದ ಕಣ್ಣು ತೆಗೆಯದೆ, "ಏನರ ಹೇಳೂದೈತೇನು?" ಎಂದರು.

"ಏನಿಲ್ರಿ ಸರ್."

ಮತ್ತೆಂದೂ ಅವರು ಕೇಳಲಿಲ್ಲ. ಒಂದೇ ಒಂದು ಸಲ ಬೈದಿದ್ದರೆ ಇಷ್ಟು ವರ್ಷ ನಾನು ಹೀಗೆ ಬೇಯುತ್ತಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅನಗೋಳದ ಅವರ ಮನೆಯ ಮುಂದೆ ಜನ ನೆರೆದಿದ್ದರು. ಖಾನಾಪುರದಿಂದ ಆ ಹುಡುಗಿಯ ಅಪ್ಪನೂ ಬಂದಿದ್ದರು. ಕೈಮುಗಿದು, ನನ್ನ ಬಾಜು ಬಂದು ನಿಂತರು.

"ತನ್ನ ತಪ್ಪು ತಾನ ಒಪ್ಕೊಂಡ ಡಾಕ್ಟರು ಅಂದ್ರ ನಾ ಇವರೊಬ್ಬರನ್ನ ನೋಡೀನಿ ನೋಡ್ರಿ" ಎಂದರು.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ.

"ಹೌದ್ರಿ" ಎಂದೆ.