ಆರು ಗಂಟೆಯ ಒಂದು ರಿಂಗು

ಅಕ್ಕನಿಗೆ ಏನೂ ಆಗಿರಲಿಲ್ಲ. ಅವಳ ಫೋನನ್ನು ನಮ್ಮ ಮನೆಯ ಹೊಸ ಯಂತ್ರ ಎತ್ತಿಕೊಂಡಿತ್ತು, ಅಷ್ಟೇ. ಇದು ಗೊತ್ತಾಗುವ ಹೊತ್ತಿಗೆ ನಾನು ನಂಜನಗೂಡಿನಿಂದ ಬಸ್ಸು ಹತ್ತಿ ತಿ. ನರಸೀಪುರದಲ್ಲಿ ಇಳಿದಾಗಿತ್ತು, ಅದೂ ಅಡುಗೆಮನೆಯ ಸೀರೆಯಲ್ಲೇ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಮಧ್ಯಾಹ್ನದವರೆಗೂ ಅಲ್ಲೇ ಬಿದ್ದಿದ್ದಳು. ಒಬ್ಬಳೇ ಇರುವವಳು. ಆವತ್ತಿನಿಂದ ನಮ್ಮಿಬ್ಬರದು ಒಂದು ಕಟ್ಟಳೆ. ಬೆಳಿಗ್ಗೆ ಆರಕ್ಕೆ ಅವಳು ನನಗೆ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು. ಎದ್ದು ಓಡಾಡುತ್ತಿದ್ದೇನೆ ಎಂದು ಅರ್ಥ. ನಾನು ತಿರುಗಿ ಒಂದು ಕೊಡಬೇಕು. ಆ ಹೊತ್ತಿನ ಫೋನನ್ನು ಇಬ್ಬರೂ ಎತ್ತಬಾರದು. ಎತ್ತಿದರೆ ಮಾತು ಬೆಳೆಯುತ್ತದೆ, ಒಲೆಯ ಮೇಲಿನದು ಸೀದುಹೋಗುತ್ತದೆ.

ನನ್ನ ಮಗಳು ತಾಂಡ್ಯದ ಫ್ಯಾಕ್ಟರಿಗಳಿಗೆ ತಿಂಡಿ, ಊಟ ಮಾಡಿ ಕಳಿಸುತ್ತಾಳೆ. ಒಲೆಯ ಮುಂದೆ ನಿಲ್ಲುವವಳು ನಾನು. ಅವಳು ಮನೆಯ ಹಳೆಯ ನಂಬರನ್ನೇ ಇಟ್ಟುಕೊಂಡು ಇಂಟರ್ನೆಟ್ ಫೋನು ಹಾಕಿಸಿದಳು. ಯಾರು ಮಾಡಿದರೂ ಯಂತ್ರವೇ ಎತ್ತಿ, ತಿಂಡಿಗೆ ಒಂದು ಒತ್ತಿ, ಊಟಕ್ಕೆ ಎರಡು ಒತ್ತಿ ಎನ್ನುತ್ತದೆ. ಒತ್ತಿದ ಮೇಲೆಯೇ ಮನೆಯಲ್ಲಿ ಗಂಟೆ ಹೊಡೆಯುವುದು. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಯಂತ್ರ ಹಾಕಿಸಿದ ಮಾರನೆಯ ಬೆಳಿಗ್ಗೆ ಆರಾಯಿತು, ಆರೂವರೆ ಆಯಿತು. ರಿಂಗಿಲ್ಲ. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ನಾನೇ ಮೂರು ಸಲ ಫೋನು ಮಾಡಿದೆ. ಪೂರ್ತಿ ಬಡಿದುಕೊಂಡು ನಿಂತಿತು. ಮಗಳು, "ಮಲ್ಗಿರ್ಬೇಕು ಬುಡವ್ವ" ಎಂದಳು. ಅಕ್ಕ ಹುಟ್ಟಿದಾಗಿನಿಂದ ಆರರ ಮೇಲೆ ಮಲಗಿದವಳಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಾನು ಬಾಗಿಲ ಹತ್ತಿರವೇ ನಿಂತೆ. ಕಂಡಕ್ಟರು ಎರಡು ಸಲ ಬೈದ.

ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಯಾಕಮ್ಮಿ, ಯಾರ್ ಸತ್ರು?" ಎಂದಳು.

"ನೀನೇ ಅನ್ಕೊಂಡ್ ಬಂದೆ. ರಿಂಗ್ ಯಾಕ್ ಕೊಡ್ನಿಲ್ಲ?"

"ಕೊಟ್ನಲ್ಲ. ಯಾವಳೋ ಎತ್ಕಂಡು, ಒಂದು ಒತ್ತಿ, ಎರಡು ಒತ್ತಿ ಅಂದ್ಲು. ನಾನ್ಯಾಕ್ ಒತ್ಲಿ? ಯಾರೋ ಎತ್ತುದ್ರಲ್ಲ, ನಿಂಗ್ ಏಳ್ತಾರೆ ಅಂತ ಕಟ್ ಮಾಡ್ದೆ."

"ಆಮೇಲೆ ನಾನ್ ಮೂರ್ ಸಲ ಮಾಡುದ್ನಲ್ಲ, ಎತ್ತಕ್ಕೇನಾಗಿತ್ತು?"

"ಎತ್ಬಾರ್ದು ಅಂದೋಳು ನೀನೇ ತಾನೆ?"

ಅಕ್ಕನ ಪಕ್ಕದ ಮನೆಯ ಹೂ ಕಟ್ಟುವವಳ ನಂಬರು ಬರೆಸಿಕೊಂಡೆ. ಸಂಜೆ ನಾಲ್ಕರಿಂದ ಕಾಲು ಗಂಟೆಗೊಂದು ರಿಂಗು ಕೊಡು, ನನ್ನ ರಿಂಗು ತಿರುಗಿ ಬರುವವರೆಗೆ ನಿಲ್ಲಿಸಬೇಡ ಎಂದು ಅಕ್ಕನಿಗೆ ಹೇಳಿ ಮುಂದಿನ ಬಸ್ಸಿಗೇ ವಾಪಸು ಹೊರಟೆ.

ಮನೆಗೆ ಬಂದು ಅಕ್ಕ ಅಂದದ್ದನ್ನೆಲ್ಲ ಹೇಳಿದೆ. ಮಗಳು ಯಂತ್ರ ಹಾಕಿದವನಿಗೆ ಫೋನು ಮಾಡಿದಳು. ಬಾಕ್ಸನ್ನು ಆಫ್ ಮಾಡಿ ಆನ್ ಮಾಡಿ ಎಂದ. ಮಾಡಿದೆವು. ದೀಪ ಕೆಂಪಾಯಿತು, ಹಸಿರಾಯಿತು, ಮತ್ತೇನೂ ಆಗಲಿಲ್ಲ.

"ಇದ್ನ ತೆಗ್ಸಿಬುಡು" ಎಂದೆ.

"ತೆಗ್ಸುದ್ರೆ ಬೆಳಿಗ್ಗೆ ಎಲ್ಲಾ ಒಟ್ಗೇ ಮಾಡ್ತಾರೆ. ನೀನ್ ಎತ್ತೀಯಾ?" ಎಂದಳು.

ಕೊನೆಗೆ ಅವನು, ಅಕ್ಕನ ನಂಬರು ಬಂದಾಗ ಮಾತ್ರ ಯಂತ್ರ ಸುಮ್ಮನಿದ್ದು ಮನೆಯಲ್ಲಿ ನೇರ ಗಂಟೆ ಹೊಡೆಯುವ ಹಾಗೆ ಮಾಡಬಹುದು ಎಂದ. ಆ ನಂಬರನ್ನು ಎಲ್ಲಿ ಬರೆಯಬೇಕೆಂದೂ ಹೇಳಿದ. ಮಗಳು ತನ್ನ ಮೊಬೈಲಿನಲ್ಲಿ ಬರೆದಳು.

ನಾಲ್ಕಾಯಿತು. ಗಂಟೆ ಹೊಡೆಯಲಿಲ್ಲ. ಬಂದ ಫೋನುಗಳ ಪಟ್ಟಿ ಮೊಬೈಲಿನಲ್ಲೇ ಕಾಣುತ್ತದೆ. ಅಕ್ಕ ಮಾಡಿದ್ದಾಳೆ, ಯಂತ್ರ ಎತ್ತಿದೆ. ನಾಲ್ಕೂಕಾಲಿಗೂ ಅದೇ. ಮಗಳು ಹಾಕಿದವನನ್ನು ಬೈಯುತ್ತಾ ಅಂಗಳದಲ್ಲಿ ಓಡಾಡತೊಡಗಿದಳು. ಮೊಬೈಲನ್ನು ನಾನು ಕಿತ್ತುಕೊಂಡೆ. ನನ್ನದು ಎರಡನೇ ಕ್ಲಾಸು. ಅಕ್ಷರ ನಿಧಾನ, ಆದರೆ ಅಂಕಿ ಬರುತ್ತದೆ. ಪಟ್ಟಿಯಲ್ಲಿದ್ದ ಅಕ್ಕನ ನಂಬರನ್ನೂ ಮಗಳು ಬರೆದದ್ದನ್ನೂ ಬೆರಳಿಟ್ಟು ಒಂದೊಂದೇ ಅಂಕಿ ನೋಡಿದೆ.

"ನೀನ್ ಮೊದ್ಲು ಸೊನ್ನೆ ಆಕಿದ್ದೀಯೆ. ಬಂದಿರೋದ್ರಲ್ಲಿ ಸೊನ್ನೆ ಇಲ್ಲ ಕಣಮ್ಮಿ. ಕೂಡೋ ಗುರ್ತು, ಒಂಬತ್ತು, ಒಂದು ಅದೆ."

ಹಾಕಿದವನಿಗೆ ಹೇಳಿದರೆ, "ಓ, ಹೌದಲ್ವಾ ಅಮ್ಮ" ಎಂದ. ಓದಿದವನು. ಮಗಳು ಸೊನ್ನೆ ಅಳಿಸಿ ತಿದ್ದಿದಳು. ನಾಲ್ಕೂವರೆಗೆ ಗಂಟೆ ಹೊಡೆಯಿತು, ಒಂದೇ ಸಲ. ನಾನು ತಿರುಗಿ ಒಂದು ಕೊಟ್ಟೆ.

ಆಗ ಮಗಳು, "ದೊಡ್ಡವ್ವ ನನ್ನ ಯಾವಳೋ ಅಂದ್ಲಾ? ಒತ್ತಿ ಅಂತ ಏಳೋದು ನನ್ ದನಿ ಕಣವ್ವ" ಎಂದಳು.

"ಅಂಗೆ ಇಂಗ್ಲಿಷ್‌ನೋರ್ ತರ ಮಾತಾಡುದ್ರೆ ಎತ್ತ ತಾಯ್ಗೂ ಗೊತ್ತಾಗಲ್ಲ" ಎಂದೆ.

ಸಂಜೆ ಹೊಡೆದದ್ದು ಬೆಳಿಗ್ಗೆಯೂ ಹೊಡೆಯುತ್ತದೆ ಎಂದು ನಂಬುವ ಜಾತಿಯವಳಲ್ಲ ನಾನು. ಮರುದಿನ ಐದಕ್ಕೇ ಎದ್ದು ಫೋನಿನ ಮುಂದೆ ನಿಂತೆ. ಕೂತೆ, ಮತ್ತೆ ನಿಂತೆ. ಆರಕ್ಕೆ ಇನ್ನೂ ಎರಡು ನಿಮಿಷವಿರುವಾಗ ಒಂದು ರಿಂಗು ಬಂತು. ತಿರುಗಿ ಒಂದು ಕೊಟ್ಟೆ. ಆಮೇಲೆ ಹೂ ಕಟ್ಟುವವಳಿಗೆ ಫೋನು ಮಾಡಿ, "ನಮ್ಮಕ್ಕನ ಬಾಗ್ಲು ತೆಗ್ದದಾ ನೋಡು" ಎಂದೆ.

"ತೆಗ್ದದೆ. ಬಾಗ್ಲಿಗ್ ನೀರ್ ಆಕ್ತಾವ್ಳೆ" ಎಂದಳು.

ಫೋನಿಟ್ಟು ರವೆ ಹುರಿಯಲು ನಿಂತೆ.